ಬ್ಲೀಚಿಂಗ್ ಪೌಡರ್ ಬಿದ್ದ ಚರಂಡಿ

ಗೆಳೆಯರೇ, ಇವತ್ತು ಶಿಡ್ಲಘಟ್ಟದಲ್ಲಿ ನನ್ನ ಸಂಶೋಧನೆಗೆ ಭಾರೀ ಮರ್ಯಾದೆ ಸಿಕ್ಕಿತು.

ರೇಷ್ಮೆ ಗೂಡು ಬೇಯಿಸಿದ ಬಿಸಿ ಸೋಡಾ ನೀರು ಹರಿಯುವ ಚರಂಡಿಯ ಕೆಸರು ನನಗೆ ಬೇಕಿತ್ತು. ಆ ಕ್ಷಾರದಲ್ಲೇ ಸುಖವಾಗಿರುವ ಬ್ಯಾಕ್ಟೀರಿಯಾದಿಂದ, ಬಿಸಿಗೂ ಕೆಡದ ಕಿಣ್ವವನ್ನು ಬೇರ್ಪಡಿಸಿ ಶುದ್ಧೀಕರಿಸುವುದು ನನ್ನ ಪಿಎಚ್‌ಡಿ ಕೆಲಸ. ಲ್ಯಾಬಿನ ಫ್ರಿಜ್ ಕೆಟ್ಟು, ಬೆಳೆಸಿಟ್ಟಿದ್ದ ಬ್ಯಾಕ್ಟೀರಿಯಾ ಸತ್ತು, ಆ ಕೆಲಸ ಅರ್ಧಕ್ಕೇ ನಿಂತಿದೆ. ಹಾಗಾಗಿ ಹೊಸ ಕೆಸರು ಬೇಕಾಗಿ, ಚರಂಡಿ ನೋಡಲು ಬರುತ್ತೇನೆಂದಷ್ಟೇ ಹೇಳಿ, ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕದ ಮಾಲೀಕರಾದ ಬಾಬಾಜಾನ್ ಅವರಿಗೆ ನಿನ್ನೆಯೇ ಫೋನ್ ಮಾಡಿದ್ದೆ.

ಇವತ್ತು ಹೋಗಿ ನೋಡಿದರೆ ಚರಂಡಿ ಫಳಫಳ ಹೊಳೆಯುತ್ತಿದೆ. ಉದ್ದಕ್ಕೂ ಬ್ಲೀಚಿಂಗ್ ಪೌಡರ್.

"ಲ್ಯಾಬಿಂದ ಬರ್ತಾರೆ ಅಂದ್ಮೇಲೆ ಗಲೀಜಾಗ್ ಬಿಡಕ್ಕಾಗುತ್ತಾ ಮೇಡಂ? ಒಂದ್ ಕ್ರಿಮೀನೂ ಉಳಿಸಿಲ್ಲ," ಎಂದರು ಬಾಬಾಜಾನ್.

"ನನಗೆ ಆ ಕ್ರಿಮೀನೇ ಬೇಕಾಗಿತ್ತು ಸಾರ್."

"ಮೊದ್ಲೇ ಹೇಳ್ಬಾರ್ದೇನಮ್ಮಾ, ಇಟ್ಟಿರ್ತಿದ್ದೆ," ಎಂದು ಬೇಜಾರು ಮಾಡಿಕೊಂಡು ಟೀ ತರಿಸಿದರು.

ಖಾಲಿ ಬಾಟಲಿ ಹಿಡಿದು ಹೊರಟಾಗ, ಎಲ್ಲವನ್ನೂ ಕೇಳಿಸಿಕೊಂಡಿದ್ದ ಪಕ್ಕದ ಬೀದಿಯ ಅಜ್ಜಿ ನನ್ನನ್ನು ತಡೆದರು.

"ನಮ್ ಬೀದಿ ಚರಂಡಿ ನೋಡಕ್ಕೂ ಬರ್ತೀನಿ ಅಂತ ಯಾರ್ಗಾದ್ರೂ ಒಂದ್ ಫೋನ್ ಮಾಡಮ್ಮ. ಆಮೇಲೆ ನೀನು ಬರ್ದೇ ಇದ್ರೂ ಪರ್ವಾಗಿಲ್ಲ."