ಅಪ್ಪ ಕೆರೆದು ತೆಗೆದ ಗೂಡು

ಚಳಿಗಾಲ ಬಂತೆಂದರೆ ನಮ್ಮ ಅಪ್ಪನಿಗೆ ಕಣಜದ ಹುಳಗಳದೇ ಧ್ಯಾನ. ಕಮಲಾಪುರದ ನಮ್ಮ ಮನೆಯಲ್ಲಿ ಎಳ್ಳ ಅಮಾವಾಸ್ಯೆ ಮುಗಿದ ಮರುದಿನವೇ ಕಳೆ ಕೀಳುವ ಕುರ್ಪಿ ಹಿಡಿದು ಏಣಿ ಹತ್ತುತ್ತಿದ್ದ. ಥಂಡಿಗೆ ಹುಳಗಳು ಮುದುಡಿ ಕೂತಿರುತ್ತವೆ, ಆಗಲೇ ಗೂಡು ಕೆರೆದು, ಜಂತಿಯ ಸಂದಿಗೆ ಸೆಗಣಿ ಕಲಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿದುಬಿಟ್ಟರೆ ಬೇಸಿಗೆಯಲ್ಲಿ ಒಂದೂ ಸುಳಿಯುವುದಿಲ್ಲ ಎನ್ನುತ್ತಿದ್ದ. ಬಾಳೆಯ ತೋಟದಲ್ಲಿ ಒಮ್ಮೆ ಕಚ್ಚಿಸಿಕೊಂಡು ಮೂರು ದಿನ ಮುಖ ಊದಿಸಿಕೊಂಡು ಮಲಗಿದ್ದನಂತೆ. ಅಂದಿನಿಂದ ಈ ಹಗೆ. ನಾನು ಚಿಕ್ಕವಳಿದ್ದಾಗಲೇ ಅವ್ವ ತೀರಿಹೋಗಿದ್ದಳು. ಹೀಗಾಗಿ ಹೆಂಗಸರು ಹೆಂಗಸರಿಗೆ ಹೇಳುವ ಮಾತುಗಳು ನಮ್ಮ ಮನೆಯೊಳಗೆ ಬರಲೇ ಇಲ್ಲ.

ಅಂಥ ಒಂದು ಮಾತು ನನಗೆ ಗೊತ್ತಾದದ್ದು ಮದುವೆಯಾಗಿ ಕಲಬುರಗಿಯ ಗಾಜಿಪುರಕ್ಕೆ ಬಂದ ಮೇಲೆ. ನಿಜಾಮರ ಕಾಲ ಅದು. ಗಂಡ ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ಗುಮಾಸ್ತ. ಮನೆಯಲ್ಲಿ ಯಾವ ಭಾಷೆಯಲ್ಲೂ ಬಾಯಿ ಬಿಡದ ಮನುಷ್ಯ. ಬಾಯಿಯೆಲ್ಲ ಅತ್ತೆಯದು. ಐದು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ. ಅತ್ತೆ ಮಗನಿಗೆ ಎರಡನೆಯ ಹೆಣ್ಣು ಹುಡುಕತೊಡಗಿದಳು, ನನ್ನೆದುರಿಗೇ, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ.

ಆ ವರ್ಷ ದೀಪಾವಳಿಯ ಹೊತ್ತಿಗೆ ನಾವು ಮಲಗುವ ಕೋಣೆಯ ಜಂತಿಗೆ ಕುಂಬಾರ ಹುಳವೊಂದು ಗೂಡು ಕಟ್ಟಿತು. ಇದೂ ಕಣಜದ ಜಾತಿಯದೇ. ಹಸಿಮಣ್ಣು ತಂದು ಪುಟ್ಟ ಗಡಿಗೆಯಂಥ ಗೂಡು ಮಾಡುತ್ತದೆ. ಅಪ್ಪನ ಮಗಳು ನಾನು, ತಕ್ಷಣ ಕಸಬರಿಗೆ ಎತ್ತಿದೆ. ಅತ್ತೆ ಓಡಿಬಂದು ಕೈ ಹಿಡಿದಳು.

"ಏ, ಕೈ ಹಚ್ಚಬ್ಯಾಡ! ಕುಂಬಾರ ಹುಳ ಗೂಡು ಕಟ್ಟಿದ ಮನ್ಯಾಗ ಕೂಸು ಹುಟ್ಟತದ. ಯುಗಾದಿ ತನಕ ನೋಡ್ತೀನಿ. ಅದಕ್ಕ ಏನರ ಆತಂದ್ರ ನನ್ನ ಮಗಗ ಬ್ಯಾರೆ ಹೆಣ್ಣು ತರ್ತೀನಿ."

ಹೆಣ್ಣು ಹುಡುಕುವುದು ನಿಂತಿತು. ಒಂದು ಹುಳ ನನಗೆ ಯುಗಾದಿಯವರೆಗೆ ಗಡುವು ಕೊಡಿಸಿತ್ತು. ಕೈಹಿಡಿದ ಗಂಡನಿಂದ ಅಷ್ಟೂ ಆಗಿರಲಿಲ್ಲ. ಆ ಗೂಡನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದೆ. ಜಂತಿಗೆಲ್ಲ ಜೇಡರ ಬಲೆ ಕಟ್ಟಿದರೂ ಕಸಬರಿಗೆ ತಾಗಿಸಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ದಿನವೂ ಸ್ನಾನ ಮುಗಿಸಿ ಅದಕ್ಕೆ ಕೈ ಮುಗಿಯುತ್ತಿದ್ದೆ.

ಎಳ್ಳ ಅಮಾವಾಸ್ಯೆ ಮುಗಿಸಿಕೊಂಡು ಅಪ್ಪ ಚಕ್ಕಡಿಯಲ್ಲಿ ಬಂದ. ಸಜ್ಜೆಯ ಕಡುಬು, ಒಂದು ಗೊನೆ ಕೆಂಪು ಬಾಳೆಹಣ್ಣು ತಂದಿದ್ದ. ಅತ್ತೆ ಗುಡಿಗೆ ಹೋಗಿದ್ದಳು, ಗಂಡ ಕಚೇರಿಗೆ. ಕೋಣೆಯಲ್ಲಿ ತುಸು ಅಡ್ಡಾಗು ಎಂದು ಹೇಳಿ ನಾನು ರೊಟ್ಟಿ ಬಡಿಯಲು ಕುಳಿತೆ. ಆ ಸದ್ದಿನಲ್ಲಿ ನನಗೆ ಬೇರೇನೂ ಕೇಳಿಸಲಿಲ್ಲ.

ಮಜ್ಜಿಗೆ ತೆಗೆದುಕೊಂಡು ಹೋದರೆ ಅಪ್ಪ ಚಕ್ಕಡಿಯಲ್ಲಿದ್ದ ಕುರ್ಪಿ ತಂದು ಗೂಡು ಕೆರೆದು, ಪೆಟ್ಟಿಗೆಯ ಮೇಲೆ ನಿಂತು ಜಂತಿಗೆ ಮಣ್ಣು ಮೆತ್ತುತ್ತಿದ್ದ. ಮುಖದ ತುಂಬ ನಗು.

"ಎಷ್ಟು ದಿನದಿಂದ ಬಿಟ್ಟೀರಿ ಇದನ್ನ? ಥಂಡ್ಯಾಗ ತೆಗದ್ರ ತ್ರಾಸಿಲ್ಲ ನೋಡವಾ. ಬ್ಯಾಸಗ್ಯಾಗ ಮರಿ ಹೊರಗ ಬಿದ್ದು ಕಡೀತಿದ್ವು."

ನೆಲದ ಮೇಲೆ ಮಣ್ಣಿನ ಚೂರು, ಅದರ ನಡುವೆ ಬಿಳಿಯ ಮರಿಹುಳಗಳು. ಇನ್ನೂ ಮಿಸುಕುತ್ತಿದ್ದವು. ಅತ್ತೆಯ ಮಾತು ಹೇಳಿದ್ದರೆ ಅಪ್ಪ ಅಲ್ಲೇ ಕುಸಿದುಬಿಡುತ್ತಿದ್ದ. ಕಸಬರಿಗೆ ತಂದು ಎಲ್ಲವನ್ನೂ ಗುಡಿಸಿ ಹಾಕಿದೆ.

ಅತ್ತೆ ಬಂದು ನೋಡಿದಳು. ಬೀಗರಿಗೆ ತುಪ್ಪ ಬಡಿಸಿ ಉಪಚಾರ ಮಾಡಿದಳು. ಚಕ್ಕಡಿ ಓಣಿ ದಾಟಿದ ಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪನೇ ಬಂದು ಕೆಡವಿ ಹೋದ. ಇನ್ನ ನನಗ ಏನೂ ಅನ್ನಬ್ಯಾಡ" ಎಂದಳು. ಆಕೆಗೆ ದುಃಖವಾಗಿತ್ತೆಂದು ನಾನು ಎಂದೂ ನಂಬಿಲ್ಲ.

ಯುಗಾದಿಗೆ ಮುಂಚೆಯೇ ಸವತಿ ಬಂದಳು. ಅವಳಿಗೂ ಮಕ್ಕಳಾಗಲಿಲ್ಲ. ಆದರೆ ಅವಳನ್ನಾಗಲಿ, ಗಂಡನನ್ನಾಗಲಿ ಯಾರೂ ಏನೂ ಅನ್ನಲಿಲ್ಲ. ತಪ್ಪೆಲ್ಲ ನಮ್ಮಪ್ಪನ ಕುರ್ಪಿಯದೇ ಎಂದು ತೀರ್ಮಾನವಾಗಿಹೋಗಿತ್ತು. ಓಣಿಯ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ಅಪ್ಪನೊಬ್ಬನಿಗೆ ಗೊತ್ತಿರಲಿಲ್ಲ.

ಸವತಿ ಬಂದ ಮೇಲೆ ಅಪ್ಪ ಕುಗ್ಗಿಹೋದ. ಅತ್ತೆಯನ್ನು ಎದುರಿಸುವ ಎದೆಯಿಲ್ಲ, ನನ್ನನ್ನು ಮನೆಗೆ ಕರೆದೊಯ್ಯುವ ಧೈರ್ಯವೂ ಇಲ್ಲ. ಅದಕ್ಕಾಗಿ ಆತನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಬದಲಿಗೆ ಪ್ರತಿ ಚಳಿಗಾಲ ಕುರ್ಪಿ ಹಿಡಿದು ಬರುತ್ತಿದ್ದ. ಮಗಳಿಗೆ ತಾನು ಮಾಡಬಹುದಾದದ್ದು ಅದೊಂದೇ ಎಂಬಂತೆ ಜಂತಿ ಜಂತಿ ತಡಕಿ, ಸಂದಿ ಮುಚ್ಚಿ, ಸುಣ್ಣ ಬಳಿದು ಹೋಗುತ್ತಿದ್ದ. ಅತ್ತೆ ಬೇಡ ಅನ್ನುತ್ತಿರಲಿಲ್ಲ, ಕುಳಿತು ನೋಡುತ್ತಿದ್ದಳು. ನಾನು ಏಣಿ ಹಿಡಿದು ನಿಲ್ಲುತ್ತಿದ್ದೆ.

ಕೊನೆಯ ಸಲ ಬಂದಾಗ ಆತನಿಗೆ ವಯಸ್ಸಾಗಿತ್ತು. ಏಣಿಯಿಂದ ಮೆಲ್ಲಗೆ ಇಳಿದು, ಪಡಸಾಲೆಯಲ್ಲಿ ಅತ್ತೆ, ಸವತಿ ಇಬ್ಬರೂ ಇದ್ದಾಗಲೇ ದೊಡ್ಡ ದನಿಯಲ್ಲಿ ಹೇಳಿದ: "ನಾ ಇರೋ ತನಕ ಈ ಮನ್ಯಾಗ ಒಂದು ಹುಳಾ ಸುದ್ದಾ ಹುಟ್ಟಗೊಡಂಗಿಲ್ಲ ನೋಡವಾ."

ಅತ್ತೆ ನನ್ನ ಮುಖ ನೋಡಿದಳು. ಸವತಿ ತಲೆ ತಗ್ಗಿಸಿದಳು. ನಾನು ತಂಬಿಗೆ ತಂದು ಅಪ್ಪನ ಕೈಗೆ ನೀರು ಹಾಕಿದೆ, ಉಗುರಿನ ಸಂದಿಯ ಮಣ್ಣು ಹೋಗುವವರೆಗೂ ಹಾಕಿದೆ.