ಕಾತ್ರಜ ಘಾಟಿನಲ್ಲಿ ಎಂಜಿನ್ ಕಾದ ರಾತ್ರಿ

ಇದು ನಡೆದದ್ದು ನಿಜ. ನಂಬಿಕೆ ಬಾರದವರು ಈಗಲೇ ಪುಟ ತಿರುವಿಬಿಡಿ, ನನಗೇನೂ ಬೇಜಾರಿಲ್ಲ. ದೆವ್ವ ಕಂಡೆ ಎಂದವರನ್ನು ಎದುರಿಗೇ ಗೇಲಿ ಮಾಡಿದವನು ನಾನು. ನನಗೆ ಗೊತ್ತಿದ್ದದ್ದು ಕಾರುಗಳು ಮಾತ್ರ.

ತೊಂಬತ್ತರ ದಶಕದ ಪುಣೆಯಲ್ಲಿ ನಮ್ಮ ಕಡೆಯವರು ಯಾರೇ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲಿ, ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬಾಗಿಲಿನ ರಬ್ಬರ್ ಎತ್ತಿ ವೆಲ್ಡಿಂಗ್ ಗುರುತು ಹುಡುಕುವುದು, ಆಯಿಲ್ ಕಡ್ಡಿ ಮೂಸುವುದು, ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳುವುದು... ಹತ್ತು ನಿಮಿಷದಲ್ಲಿ ಗಾಡಿಯ ಜಾತಕ ಹೇಳುತ್ತಿದ್ದೆ. ಜಂಬವಿತ್ತು, ಒಪ್ಪಿಕೊಳ್ಳುತ್ತೇನೆ. ಈಗಿನ ಪವರ್ ಸ್ಟೇರಿಂಗ್ ಗಾಡಿಗಳನ್ನು ನಾನು ಗಾಡಿಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನ್ನು ಓಡಿಸುವುದೂ ಒಂದೇ, ಸೋಫಾದಲ್ಲಿ ಕೂತು ಟಿವಿ ನೋಡುವುದೂ ಒಂದೇ.

ಪರೀಕ್ಷೆ ಮಾಡದೆ ನಾನು ಕೊಂಡದ್ದು ಒಂದೇ ಗಾಡಿ. ಶೇಖರನ ಹಳೆಯ ಫಿಯೆಟ್.

ಶೇಖರ ಧಾರವಾಡದಿಂದ ನನ್ನ ಜೊತೆಗೇ ಪುಣೆಗೆ ಬಂದವನು. ಅಲ್ಲಿನ ಖಡಕಿಯ ಒಂದೇ ಖೋಲಿಯಲ್ಲಿ ಆರು ವರ್ಷ ಇದ್ದೆವು. ಅವನಿಗೆ ಡ್ರೈವಿಂಗ್ ಕಲಿಸಿದ್ದು ನಾನೇ. ಅವನ ಅವ್ವ ಊರಿಂದ ಬಂದಾಗಲೆಲ್ಲ ನಮ್ಮಿಬ್ಬರಿಗೂ ರೊಟ್ಟಿ ಬಡಿದು ಹಾಕುತ್ತಿದ್ದಳು, ನನಗೇ ಒಂದು ಹೆಚ್ಚು. ಆಕೆ ತೀರಿಕೊಂಡಾಗ ನಾನೂ ಹೆಗಲು ಕೊಟ್ಟಿದ್ದೆ. ಪುಣೆಯ ಆಸ್ಪತ್ರೆಯಲ್ಲಿ, ಡಾಕ್ಟರ ಕೈಯಲ್ಲೇ ಜೀವ ಹೋಯಿತು ಎಂದು ಶೇಖರ ಎಲ್ಲರಿಗೂ ಹೇಳಿದ್ದ. ಅದಾಗಿ ಆರು ತಿಂಗಳಿಗೆ ಗಾಡಿ ಮಾರುತ್ತೇನೆ ಎಂದ.

"ಬಾನೆಟ್ ಎತ್ತಿ ನೋಡ್ತಿಯೇನು?"

"ಹುಚ್ಚ ಇದ್ದಿಯೇನಲೇ? ನಿನ್ನ ಗಾಡಿ ನಾ ಏನ ನೋಡೋದದ? ಕೀಲಿ ಕೊಡು."

ಜೀವದ ಗೆಳೆಯನ ಗಾಡಿಯ ರಬ್ಬರ್ ಎತ್ತುವುದೆಂದರೆ ಅವನ ಮನೆಯ ಊಟಕ್ಕೆ ಕೂತು ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ. ಶೇಖರನ ಮುಖ ಒಮ್ಮೆಗೇ ಹಗುರವಾಯಿತು. ನನ್ನ ನಂಬಿಕೆ ನೋಡಿ ಖುಷಿಪಟ್ಟ ಎಂದುಕೊಂಡೆ. ಎಂಥ ದಡ್ಡ ನಾನು!

ಮೇ ತಿಂಗಳು. ಧಾರವಾಡದಲ್ಲಿ ಒಂದು ಮದುವೆ ಮುಗಿಸಿ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು, ಅದೇ ಫಿಯೆಟ್ಟಿನಲ್ಲಿ ಒಬ್ಬನೇ ಪುಣೆಗೆ ಹೊರಟಿದ್ದೆ. ಆಗಿನ್ನೂ ಹೊಸ ಸುರಂಗ ಆಗಿರಲಿಲ್ಲ. ಪುಣೆ ಸೇರಬೇಕಾದರೆ ಕಾತ್ರಜ ಘಾಟ್ ಹತ್ತಿಯೇ ಇಳಿಯಬೇಕು. ಘಾಟಿನ ಬುಡಕ್ಕೆ ಬಂದಾಗ ರಾತ್ರಿ ಹತ್ತರ ಸುಮಾರು.

ಮೊದಲು ಬಂದದ್ದು ವಾಸನೆ. ನೀಲಗಿರಿ ಎಣ್ಣೆಯ ವಾಸನೆ... ಎದೆಗೆ ತಿಕ್ಕಿಕೊಂಡಾಗ ಬರುವಂಥ ಘಾಟು. ಗಾಡಿಯಲ್ಲಿ ಅಂಥದ್ದೇನೂ ಇರಲಿಲ್ಲ.

ಎರಡನೇ ತಿರುವಿನಲ್ಲಿ ಹಿಂದಿನಿಂದ ಸದ್ದು. ಕಿರ್... ಕಿರ್... ಕಿಟಕಿಯ ಹಿಡಿಕೆ ತಿರುಗಿಸುವ ಸದ್ದು. ಬಿಸಿ ಗಾಳಿ ಕತ್ತಿಗೆ ಬಡಿಯಿತು. ಕನ್ನಡಿಯಲ್ಲಿ ನೋಡಿದೆ. ಸೀಟು ಖಾಲಿ. ಎಡಗಡೆಯ ಗಾಜು ಮಾತ್ರ ಅರ್ಧ ಇಳಿದಿತ್ತು.

ಅಷ್ಟರಲ್ಲಿ ಎಂಜಿನ್ ಬಿಸಿಯ ಮುಳ್ಳು ಏರತೊಡಗಿತು. ನೋಡನೋಡುತ್ತ ಕೆಂಪಿಗೆ ಬಂತು. ಬ್ರೇಕಿನ ಮೇಲೆ ಕಾಲಿಟ್ಟೆ.

"ನಿಂದರಸಬ್ಯಾಡೋ ಶೇಖರಾ... ಹಂಗ ನಡಿ..."

ಕಿವಿಯ ಹಿಂದೆಯೇ. ಮೆಲ್ಲನೆ, ಏದುಸಿರಿನ ನಡುವೆ. ನನ್ನ ಹೆಸರು ಶೇಖರ ಅಲ್ಲ. ಆದರೆ ಆ ದನಿ ನನಗೆ ಗೊತ್ತಿತ್ತು. ಆ ಕೈಯ ರೊಟ್ಟಿ ಉಂಡವನು ನಾನು.

ನಿಜ ಹೇಳುತ್ತೇನೆ, ತಲೆ ಓಡಲಿಲ್ಲ. ಕಾಲು ತನಗೆ ರೂಢಿಯಾದದ್ದನ್ನೇ ಮಾಡಿತು. ಗಾಡಿ ಬದಿಗೆ ನಿಂತಿತು.

ಇಳಿದು ಬಾನೆಟ್ ಎತ್ತಿದೆ. ಹೊರಗೆ ಕಗ್ಗತ್ತಲು, ನಿಲ್ಲಲಾಗದೆ ಮತ್ತೆ ಒಳಗೆ ಬಂದು ಕೂತೆ. ಸುಸ್... ಸುಸ್... ಎಂದು ಸದ್ದು ಬರುತ್ತಿತ್ತು. ರೇಡಿಯೇಟರ್ ಆರುತ್ತಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊಳೆಯಿತು... ರೇಡಿಯೇಟರ್ ಇರುವುದು ಮುಂದೆ. ಸದ್ದು ಬರುತ್ತಿದ್ದದ್ದು ಹಿಂದಿನ ಸೀಟಿನಿಂದ.

ತಿರುಗಿ ನೋಡುವ ಧೈರ್ಯ ಬರಲಿಲ್ಲ. ಅರ್ಧ ತಾಸು ಹಾಗೇ ಕೂತಿದ್ದೆ. ಒಂದು ಉಸಿರು... ಆಮೇಲೆ ತಡೆದು ಇನ್ನೊಂದು... ಆಮೇಲೆ ಇನ್ನೂ ತಡೆದು... ಕೊನೆಗೆ ಏನೂ ಇಲ್ಲ. ನೀಲಗಿರಿ ವಾಸನೆಯೂ ಹೋಯಿತು. ಬಾನೆಟ್ ಮುಚ್ಚಿ ಬಂದು ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಮುಳ್ಳು ತನ್ನ ಜಾಗದಲ್ಲಿತ್ತು.

ಬೆಳಗಾಗುತ್ತಲೇ ಶೇಖರನ ಮನೆಗೆ ಹೋದೆ. ಬಾಗಿಲು ತೆರೆದು ನನ್ನ ಮುಖ ನೋಡಿದ. ಏನಾಯಿತು ಎಂದು ಕೇಳಲಿಲ್ಲ.

"ನಿಂದರಸಿದೇನು?" ಎಂದು ಕೇಳಿದ.

ನಾನು ಹೌದೆಂದು ತಲೆಯಾಡಿಸಿದೆ. ಅವನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ.

"ಊರಿಂದ ಕರಕೊಂಡು ಬರೋಮುಂದ ಘಾಟಿನ್ಯಾಗ ಅವ್ವಗ ಎದಿನೋವು ಬಂತು. ಗಾಡಿ ಭಾಳ ಬಿಸಿ ಆಗಿತ್ತು. ನಿಂದರಸಬ್ಯಾಡ ಅಂದ್ಲು. ಮುಳ್ಳು ಕೆಂಪಿಗಿ ಬಂದ್ರ ಒಂದ ಅಡಿನೂ ಮುಂದ ಹೋಗಬಾರದು, ಎಂಜಿನ್ ಸತ್ತ ಹೋಗ್ತದ ಅಂತ ನೀನ ಕಲಿಸಿದ್ದಿ. ಅರ್ಧ ತಾಸು ಆರಸ್ಕೋತ ನಿಂತೆ. ದವಾಖಾನಿಗೆ ಒಯ್ಯೋದ್ರಾಗ ಎಲ್ಲಾ ಮುಗದಿತ್ತು..."

"ಮತ್ತ ಇದನ್ನ ನನಗ್ಯಾಕ ಮಾರಿದಿ? ನನ್ನ ಹೆಂಡ್ತಿ ಮಕ್ಕಳು ಕೂಡೂ ಗಾಡಿ ಅದು!"

ಅವನು ಮೂರು ಬೆರಳು ಎತ್ತಿ ತೋರಿಸಿದ.

"ಆಮ್ಯಾಲೆ ನಾ ಮೂರು ಸಲ ಆ ಘಾಟ್ ಹತ್ತಿದೆ. ಮೂರೂ ಸಲ ಅಕಿ ಹಂಗ ಅಂದ್ಲು, ಮೂರೂ ಸಲ ನಾ ನಿಂದರಸಿದೆ. ನೀ ಇದ್ರ ಏನ ಮಾಡತಿದ್ದಿ ಅಂತ ನೋಡಬೇಕಾಗಿತ್ತು."

ಅವನು ಅಳುತ್ತಿದ್ದ. ಆದರೆ ಆ ಮುಖದಲ್ಲಿ, ಗಾಡಿಯ ಕೀಲಿ ಕೊಟ್ಟ ದಿನ ಕಂಡಿದ್ದ ಅದೇ ಹಗುರ ಇತ್ತು. ಇಪ್ಪತ್ತು ವರ್ಷದ ಸ್ನೇಹ ಇಟ್ಟುಕೊಂಡು ನನ್ನನ್ನು ಬಲೆಗೆ ಕೆಡವಿದ್ದ, ತನ್ನ ಪಾಪಕ್ಕೆ ಒಬ್ಬ ಜೊತೆಗಾರ ಬೇಕೆಂದು. ಅಂದಿನಿಂದ ಅವನ ಮುಖ ನೋಡಿಲ್ಲ.

ಗಾಡಿ ಇನ್ನೂ ನನ್ನ ಹತ್ತಿರವೇ ಇದೆ. ಬಚ್ಚಿಟ್ಟು ಮಾರಿದರೆ ನಾನೂ ಶೇಖರನೇ ಆಗುತ್ತೇನೆ. ಹೇಳಿ ಮಾರಿದರೆ ಕೊಳ್ಳುವವರಿಲ್ಲ.

ಹೊಸ ಸುರಂಗವಾದ ಮೇಲೂ ಪ್ರತಿ ಮೇ ತಿಂಗಳಲ್ಲಿ ಆ ಫಿಯೆಟ್ ತೆಗೆದುಕೊಂಡು, ಅದೇ ಹೊತ್ತಿಗೆ, ಹಳೆಯ ಘಾಟನ್ನೇ ಹತ್ತುತ್ತೇನೆ. ಎಂಜಿನ್ ಸುಟ್ಟುಹೋದರೂ ನಿಲ್ಲಿಸಬಾರದೆಂದು ಹಲ್ಲು ಕಚ್ಚಿಕೊಂಡು... ಕಿವಿಯೆಲ್ಲ ಹಿಂದಿನ ಸೀಟಿನ ಕಡೆಗೆ. ಮುಳ್ಳು ಅಲುಗುವುದಿಲ್ಲ. ಗಾಜು ಇಳಿಯುವುದಿಲ್ಲ. ಯಾರೂ ಮಾತಾಡುವುದಿಲ್ಲ.

ಅವ್ವ ಮಗನನ್ನು, ಬದುಕಿದ್ದಾಗಿನದೂ ಸೇರಿ, ನಾಲ್ಕು ಸಲ ಕೇಳಿದಳು. ನನ್ನನ್ನು ಒಂದೇ ಸಲ ಕೇಳಿ, ಬಿಟ್ಟುಬಿಟ್ಟಳು.