ಯಜಮಾನರ ಹೆಸರು ಕೇಳಿದ ಕಿಟಕಿ

ಇದು ಹೀಗೆಯೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ತೊಂಬತ್ತನಾಲ್ಕೋ ತೊಂಬತ್ತೈದೋ, ಅದೂ ಸರಿಯಾಗಿ ನೆನಪಿಲ್ಲ. ರಾಗಿ ಒಕ್ಕಣೆಯ ಕಾಲ ಎಂಬುದು ಮಾತ್ರ ಖಚಿತ; ಅವ್ವನ ಕಣ್ಣಿಗೆ ಬಿದ್ದದ್ದು ರಾಗಿಯ ಹೊಟ್ಟು.

ನಮ್ಮದು ತಮಿಳುನಾಡಿನ ಪೆನ್ನಾಗರಂ ಆಚೆಯ ಕನ್ನಡದ ಹಳ್ಳಿ. ನಾನು ಸೇಲಂನಲ್ಲಿ ಎಂ.ಎ. ಓದುತ್ತಿದ್ದೆ. ಅವ್ವ ಸೆರಗು ಒತ್ತಿಕೊಂಡು ಬಸ್ಸಿಳಿದಾಗ ಕಣ್ಣು ಊದಿ ಕೀವು ಕಟ್ಟಿತ್ತು. ಅಲ್ಲಿನ ಒಂದು ಆಸ್ಪತ್ರೆಗೆ ಕರೆದೊಯ್ದೆ. ಕಣ್ಣಿನ ಡಾಕ್ಟರು ಇರುವುದು ಮಧ್ಯಾಹ್ನದವರೆಗೆ ಮಾತ್ರ. ಅದಕ್ಕೂ ಮೊದಲು ಕಿಟಕಿಯಲ್ಲಿ ಚೀಟಿ ಪಡೆಯಬೇಕು.

ಹೆಂಗಸರ ಸಾಲು ಬೇರೆ. "ತಂಬಿ, ಇದು ಲೇಡೀಸ್ ಕ್ಯೂ. ಅಂಗ ಪೋಯ್ ನಿಲ್ಲು," ಎಂದು ಕಾವಲುಗಾರ ನನ್ನನ್ನು ಹಗ್ಗದಾಚೆಗೆ ಕಳಿಸಿದ.

ಅಲ್ಲಿಂದ ನೋಡುತ್ತಿದ್ದೆ. ಪೇಟೆಯ ಹೆಂಗಸರು ಸರಸರನೆ ಒಳಗೆ ಹೋಗುತ್ತಿದ್ದರು. ಅವ್ವನನ್ನು ಪಕ್ಕಕ್ಕೆ ನಿಲ್ಲಿಸಿದರು. ಪೇಟೆಯವರಿಗೊಂದು ನ್ಯಾಯ, ಹಳ್ಳಿಯವರಿಗೊಂದು ನ್ಯಾಯ ಎಂದು ನನ್ನ ಓದು ತಕ್ಷಣ ತೀರ್ಪು ಕೊಟ್ಟಿತು.

ಆದರೆ ಕಿಟಕಿಯಲ್ಲಿದ್ದವನು ಎಲ್ಲ ಹೆಂಗಸರನ್ನೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ವೀಟ್ಟುಕ್ಕಾರರ್ ಪೇರು ಎನ್ನಮ್ಮಾ?" ಯಜಮಾನರ ಹೆಸರೇನು ಎಂದು. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯಸ್ಸು ಸವೆಯುತ್ತದೆ ಎಂಬುದು ಅವ್ವನ ನಂಬಿಕೆ.

"ಅದೆಂಗೆ ಏಳ್ಲಿ ಸಾಮಿ? ತಿರುಪತಿ ಬೆಟ್ಟದಾಗೆ ಅವ್ರಲ್ಲಾ, ಅವ್ರೆಸ್ರು."

"ತಿರುಪತಿಯಾ?"

"ಅಯ್ಯೋ, ಬೆಟ್ಟ ಅಲ್ಲ. ಮ್ಯಾಲೆ ನಿಂತವ್ರಲ್ಲಾ, ಅವ್ರು."

"ತಳ್ಳಿ ನಿಲ್ಲಮ್ಮಾ!" ಸರಿದು ನಿಲ್ಲು ಎಂದು ಅವನು ಪಕ್ಕಕ್ಕೆ ಕೈ ತೋರಿಸಿದ.

ನಾನು ಅಪ್ಪನ ಹೆಸರು ಕೂಗಿದೆ. ಆ ಗದ್ದಲದಲ್ಲಿ ಕಿಟಕಿಗೆ ಕೇಳಿಸಲಿಲ್ಲ. ಹಾಗಾದರೆ ಅಲ್ಲಿನ ಮಾತು ನನಗೆ ಹೇಗೆ ಕೇಳಿಸಿತು? ಅವ್ವ ಆಮೇಲೆ ಹೇಳಿದ್ದನ್ನೇ ನಾನು ಕೇಳಿದೆನೆಂದು ನಂಬಿಕೊಂಡಿರಬಹುದು.

ಹೊತ್ತು ಏರುತ್ತಿತ್ತು. ಆಗ ನಾನು ಪೇಟೆಯವರ ಲೆಕ್ಕಕ್ಕೆ ಸೇರಿಸಿದ್ದ ಒಬ್ಬಾಕೆಯೂ ಪಕ್ಕಕ್ಕೆ ಬಂದು ನಿಂತಳು. ಸೇಲಂನ ಮಗ್ಗದ ಮನೆಯವಳು, ಮಾತು ನಮ್ಮದೇ ಕನ್ನಡ. ಅವಳಿಗೂ ಅದೇ ತೊಡಕು.

"ಅಕ್ಕಾ, ನಿಮ್ಮೋರು ವೆಂಕಟ್ರಮಣ ತಾನೆ? ನಾ ಏಳ್ತೀನಿ. ನಮ್ಮೋರೆಸ್ರು ನೀ ಏಳು. ಪಳನಿ ಬೆಟ್ಟದೋರು."

"ಮುರುಗ ತಾನೆ? ಬಾ ತಾಯಿ, ಊರ್ಗೇ ಕೇಳಂಗೆ ಕೂಗ್ತೀನಿ!"

ಇಬ್ಬರೂ ಒಟ್ಟಿಗೆ ಕಿಟಕಿಗೆ ಹೋಗಿ, ಒಬ್ಬರ ಗಂಡನ ಹೆಸರನ್ನು ಇನ್ನೊಬ್ಬರು ಹೇಳಿ ಚೀಟಿ ಪಡೆದರು. ಎದ್ದು ಹೊರಟಿದ್ದ ಡಾಕ್ಟರು ಮತ್ತೆ ಕೂತು ನೋಡಿದರು. ನಾಳೆಗೆ ಬಿಟ್ಟಿದ್ದರೆ ಕಣ್ಣು ಹೋಗುತ್ತಿತ್ತು ಎಂದರು.

ಕಣ್ಣು ಉಳಿಯಿತು, ಒಂದು ಬಿಳಿ ಚುಕ್ಕೆಯೊಂದಿಗೆ. ಅದೇ ಕಣ್ಣನ್ನು ಕಿರಿದು ಮಾಡಿಕೊಂಡು ಅವ್ವ ರಜೆಗೆ ಬರುವ ನನ್ನನ್ನು ಬಸ್ಸಿನ ಕಿಟಕಿಗಳಲ್ಲಿ ಹುಡುಕುತ್ತಿದ್ದಳು. ಈಗ ಬಸ್ಸಿಳಿದರೆ ನಾನೇ ಹುಡುಕುತ್ತೇನೆ.

ಅವರಿಬ್ಬರೂ ಕೈ ಹಿಡಿದು ನಕ್ಕದ್ದು ಇಂದಿಗೂ ಕಣ್ಣ ಮುಂದಿದೆ. ಅಷ್ಟು ನೋವಿನಲ್ಲಿ ಅವ್ವ ನಿಜಕ್ಕೂ ನಕ್ಕಳೇ, ಅಥವಾ ಆ ನಗು ನನಗೇ ಬೇಕಾಗಿತ್ತೇ? ಕೇಳಲು ಅವಳಿಲ್ಲ. ಅಪ್ಪ ಇದ್ದಾನೆ. "ಅವ್ಳ ಬಾಯಾಗೆ ನನ್ನೆಸ್ರು ಒಂದ್ ಕಿತಾನೂ ಕೇಳ್ಲಿಲ್ಲ ಕಣ್ಲಾ," ಎನ್ನುತ್ತಾನೆ.

ಒಂದನ್ನು ಮಾತ್ರ ಪರೀಕ್ಷಿಸಿ ನೋಡಿದ್ದೇನೆ. ಆಮೇಲೊಮ್ಮೆ ಜ್ವರ ಬಂದು ಅದೇ ಆಸ್ಪತ್ರೆಯ ಗಂಡಸರ ಸಾಲಿನಲ್ಲಿ ಕಿವಿಗೊಟ್ಟು ನಿಂತಿದ್ದೆ. ಎಲ್ಲರನ್ನೂ ಅವರವರ ಅಪ್ಪನ ಹೆಸರು ಕೇಳಿದರು. ಹೆಂಡತಿಯ ಹೆಸರು ಒಬ್ಬನನ್ನೂ ಕೇಳಲಿಲ್ಲ.